ಹೊಳೆ ದಾಟುವ ಲೆಕ್ಕ

ತುಂಗಭದ್ರೆಯ ದಂಡೆಯ ಊರುಗಳಲ್ಲಿ ‘ಹತ್ತಿರ’, ‘ದೂರ’ ಎಂಬ ಮಾತುಗಳ ಅರ್ಥ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಹೊಳೆಸಾಲಿನ ಊರಲ್ಲಿ ನಿಂತರೆ ಆಚೆ ದಂಡೆಯ ಗುಡಿಯ ಶಿಖರ ಕಣ್ಣಿಗೆ ಕಾಣುತ್ತದೆ. ಅಲ್ಲಿ ಡೊಳ್ಳು ಬಾರಿಸಿದರೆ ಇಲ್ಲಿ ಕೇಳಿಸುತ್ತದೆ. ಆದರೆ ಮಳೆಗಾಲದಲ್ಲಿ ಆ ಊರಿಗೆ ಹೋಗಬೇಕೆಂದರೆ ಸೇತುವೆ ಇರುವ ಕಡೆಗೆ ಸುತ್ತು ಹಾಕದೆ ವಿಧಿಯಿಲ್ಲ. ಬೀಗರ ಮನೆಯ ಮದುವೆಯಿರಲಿ, ಹೆರಿಗೆಗೆ ಆಸ್ಪತ್ರೆಯಿರಲಿ, ಮಾರಲು ಒಯ್ಯುವ ಮೆಣಸಿನಕಾಯಿ ಚೀಲವಿರಲಿ, ಎಲ್ಲಕ್ಕೂ ಈ ಸುತ್ತಿನ ಖರ್ಚು ಕೂಡಿಕೊಳ್ಳುತ್ತದೆ.

ಆದ್ದರಿಂದಲೇ ಹೊಳೆಸಾಲಿನ ಜನರ ಬೇಡಿಕೆಗಳ ಪಟ್ಟಿಯಲ್ಲಿ ‘ಸೇತುವೆ’ ಎಂಬುದು ಸಾಮಾನ್ಯವಾಗಿ ಮೊದಲ ಸಾಲಿನಲ್ಲಿರುತ್ತದೆ. ಮನವಿ ಕೊಡುತ್ತಾರೆ, ಭರವಸೆ ಸಿಗುತ್ತದೆ, ಸರ್ವೆಯವರು ಬಂದು ಹೋಗುತ್ತಾರೆ, ವರ್ಷಗಳು ಉರುಳುತ್ತವೆ. ಒಂದು ದೊಡ್ಡ ಸೇತುವೆಗೆ ಇಷ್ಟು ಕಾಲ ಏಕೆ ಹಿಡಿಯುತ್ತದೆ? ಹಣ ಯಾರದು? ಎಷ್ಟು ಉದ್ದ, ಎಷ್ಟು ಎತ್ತರ ಎಂದು ಯಾರು, ಹೇಗೆ ನಿರ್ಧರಿಸುತ್ತಾರೆ? ಕಟ್ಟಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ತಿಳಿದರೆ ಮನವಿ ಪತ್ರದಲ್ಲಿ ಏನು ಬರೆಯಬೇಕು ಎಂಬುದೂ ತಿಳಿಯುತ್ತದೆ.

ಆರು ಆಳ್ವಿಕೆಗಳ ನಡುವಿನ ಹೊಳೆ

ಹೂವಿನಹಡಗಲಿಗೆ ಆ ಹೆಸರು ಬಂದದ್ದು ಅಲ್ಲಿಂದ ಹಡಗುಗಳಲ್ಲಿ ಹೂವು ತುಂಬಿ ವಿಜಯನಗರಕ್ಕೆ ಕಳಿಸುತ್ತಿದ್ದುದರಿಂದ ಎಂಬ ಪ್ರತೀತಿ ಇದೆ. ಅದು ನಿಜವಿರಲಿ, ಕಥೆಯಿರಲಿ, ಹೊಳೆಯ ಗುಣವನ್ನಂತೂ ಹೇಳುತ್ತದೆ: ಉದ್ದಕ್ಕೆ ಅದು ದಾರಿ, ಅಡ್ಡಕ್ಕೆ ಅದು ಬೇಲಿ. ಈ ಬೇಲಿಯನ್ನು ದಾಟಿಸುವುದೇ ಕಸುಬಾಗಿದ್ದ ಅಂಬಿಗರ ಸಮುದಾಯ ಈ ದಂಡೆಗಳಲ್ಲಿ ಬಹುಕಾಲದಿಂದ ಇದೆ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನೊಂದಿಗೆ ತಳಕು ಹಾಕಿಕೊಂಡಿರುವ ಚೌಡದಾನಪುರ ಇರುವುದೂ ಇದೇ ತುಂಗಭದ್ರೆಯ ದಂಡೆಯಲ್ಲಿ, ರಾಣೆಬೆನ್ನೂರು ತಾಲ್ಲೂಕಿನಲ್ಲಿ.

ಬ್ರಿಟಿಷರ ಕಾಲದಲ್ಲಿ ಹೊಳೆ ದಾಟಿಸುವ ಹಕ್ಕು ಸರ್ಕಾರಕ್ಕೂ ವರಮಾನದ ಬಾಬ್ತಾಯಿತು. ಮುಂಬಯಿ ಪ್ರಾಂತ್ಯದಲ್ಲಿ 1868ರಲ್ಲಿ ಇದಕ್ಕಾಗಿ ಕಾಯ್ದೆ ಬಂತು. ಹರಗೋಲು, ದೋಣಿಗಳ ಗುತ್ತಿಗೆಯನ್ನು ಹರಾಜು ಹಾಕುವ ಪದ್ಧತಿ ಬೆಳೆಯಿತು. ಅದೇ 1868ರಲ್ಲಿ ಹರಿಹರದಲ್ಲಿ ಬೆಂಗಳೂರು-ಧಾರವಾಡ ಹೆದ್ದಾರಿಗಾಗಿ ತುಂಗಭದ್ರೆಯ ಮೇಲೆ ಕಲ್ಲು, ಇಟ್ಟಿಗೆಗಳ ಸೇತುವೆ ಪೂರ್ಣಗೊಂಡಿತು. ತಲಾ 60 ಅಡಿ ಅಗಲದ 14 ಕಮಾನುಗಳ ಸೇತುವೆ ಅದು.

ಹರಿಹರಕ್ಕೆ ಸಿಕ್ಕದ್ದು ಕೆಳಗಿನ ಊರುಗಳಿಗೆ ಏಕೆ ಸಿಗಲಿಲ್ಲ? ಹಳೆಯ ನಕ್ಷೆ ನೋಡಿದರೆ ಉತ್ತರ ಸಿಗುತ್ತದೆ. ಮುಂಡರಗಿ, ಗದಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೆ ಸೇರಿದ್ದವು. ಹೊಳೆಯಾಚೆಯ ಹಡಗಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯದು. ಪೂರ್ವಕ್ಕೆ ಕೊಪ್ಪಳ ಹೈದರಾಬಾದ್ ನಿಜಾಮನದು. ಮೇಲ್ಭಾಗದ ಹರಿಹರ ಮೈಸೂರು ಸಂಸ್ಥಾನದ್ದು. ಒಂದೇ ಭಾಷೆ ಆಡುವ ಜನ ಆರು ಆಳ್ವಿಕೆಗಳಲ್ಲಿ ಹಂಚಿಹೋಗಿದ್ದರು. ಅವರಲ್ಲಿ ಯಾರಿಗೂ ಈ ಹೊಳೆ ರಾಜ್ಯದ ನಡುಭಾಗವಾಗಿರಲಿಲ್ಲ. ಎಲ್ಲರಿಗೂ ಅದು ಅಂಚು. ಅಂಚಿನಲ್ಲಿ ಯಾರೂ ಬೊಕ್ಕಸದ ಹಣ ಸುರಿಯುವುದಿಲ್ಲ. ಸುರಿದರೂ ಅರ್ಧ ಲಾಭ ಪಕ್ಕದ ಸರ್ಕಾರದ ಪಾಲು.

ಆಳುವವರಿಗೆ ಅಗತ್ಯ ಕಂಡಾಗ ಮಾತ್ರ ಗಡಿ ಅಡ್ಡ ಬರಲಿಲ್ಲ. 1876-78ರ ಭೀಕರ ಬರಗಾಲದಲ್ಲಿ ಎತ್ತುಗಳಿಗೆ ಮೇವಿಲ್ಲದೆ ಚಕ್ಕಡಿಗಳು ನಿಂತುಹೋದವು. ಧಾನ್ಯ ಒಂದೂರಿನಿಂದ ಇನ್ನೊಂದೂರಿಗೆ ಸಾಗಲಿಲ್ಲ. ಬರಗಾಲ ಆಯೋಗ ರೈಲ್ವೆ ಹಾಕಬೇಕೆಂದು ಸಲಹೆ ಮಾಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿಕೊಂಡಿತು. ಹೂಡಿದ ಬಂಡವಾಳದ ಬಡ್ಡಿಗೆ ಸರ್ಕಾರವೇ ಖಾತರಿ ಕೊಟ್ಟಿತು. ಗದಗ ಜಂಕ್ಷನ್ ಆಯಿತು. ಹೊಸಪೇಟೆ-ಮುನಿರಾಬಾದ್ ನಡುವೆ ರೈಲು ತುಂಗಭದ್ರೆಯನ್ನು ದಾಟಿತು. ಧಾನ್ಯ, ಹತ್ತಿ ಸಾಗಿಸುವ ರೈಲಿಗೆ ಹಣ ಹೊಂದಿತು. ಹೊಳೆಸಾಲಿನ ಊರಿನ ಚಕ್ಕಡಿಗೆ ಹೊಂದಲಿಲ್ಲ.

1953ರಲ್ಲಿ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. 1956ರ ನವೆಂಬರ್ 1ರಂದು ಎರಡೂ ದಂಡೆಗಳು ಒಂದೇ ರಾಜ್ಯದೊಳಗೆ ಬಂದವು. ಇಂದು ಮುಂಡರಗಿಯಿಂದ ಹಡಗಲಿಗೆ ಹೋಗುವ ರಸ್ತೆ ಕೊರ್ಲಹಳ್ಳಿಯಲ್ಲಿ ಸೇತುವೆಯ ಮೇಲೆ ಹೊಳೆ ದಾಟುತ್ತದೆ. ಆಚೆ ಮದಲಗಟ್ಟಿಯ ಆಂಜನೇಯನ ಗುಡಿಗೆ ಈಚೆಯ ಭಕ್ತರು ಆರಾಮವಾಗಿ ಹೋಗಿಬರುತ್ತಾರೆ. ರಾಜ್ಯ ಒಂದಾದದ್ದರ ಅರ್ಥ ಏನೆಂದು ಕೇಳಿದರೆ ಇಂಥ ಸೇತುವೆಯನ್ನು ತೋರಿಸಬಹುದು.

ಆದರೂ ಹೊಳೆ ಗಡಿಯಾಗಿಯೇ ಉಳಿದಿದೆ. 1997ರಲ್ಲಿ ಗದಗ ಜಿಲ್ಲೆಯಾಯಿತು. 2021ರಲ್ಲಿ ಹಡಗಲಿ ತಾಲ್ಲೂಕು ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಈಚೆ ದಂಡೆಗೆ ಒಬ್ಬ ಜಿಲ್ಲಾಧಿಕಾರಿ, ಆಚೆ ದಂಡೆಗೆ ಇನ್ನೊಬ್ಬರು. ಶಾಸಕರು ಬೇರೆ, ಸಂಸದರು ಬೇರೆ, ಲೋಕೋಪಯೋಗಿ ಇಲಾಖೆಯ ಕಚೇರಿಯೂ ಬೇರೆ. ಸೇತುವೆಯ ಕಡತ ಎರಡೂ ಕಡೆಯ ಮೇಜುಗಳ ಮೇಲೆ ಓಡಾಡಬೇಕು.

ಹಣದ ಮೂಲಗಳು

ದೊಡ್ಡ ಸೇತುವೆಗೆ ಹಣ ಬರುವ ದಾರಿಗಳು ಐದಾರು ಇವೆ. ಮೊದಲನೆಯದು ರಾಜ್ಯದ ಬಜೆಟ್ಟು. ಬಜೆಟ್ ಭಾಷಣದಲ್ಲಿ ಹೆಸರು ಬಂದ ಮಾತ್ರಕ್ಕೆ ಹಣ ಬಂದಂತಾಗದು. ಅಂದಾಜು ಪಟ್ಟಿ ತಯಾರಾಗಿ ಆಡಳಿತಾತ್ಮಕ ಮಂಜೂರಾತಿ ಸಿಗಬೇಕು. ಬಳಿಕ ನಕ್ಷೆ, ಲೆಕ್ಕಗಳನ್ನು ಪರಿಶೀಲಿಸಿ ತಾಂತ್ರಿಕ ಮಂಜೂರಾತಿ ಕೊಡುತ್ತಾರೆ. ಆಮೇಲೆ ಟೆಂಡರ್. 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಸಲ್ಲಿಸಲು ಗುತ್ತಿಗೆದಾರರಿಗೆ ನಿಗದಿತ ಕಾಲಾವಕಾಶ ಕೊಡಬೇಕು. ಭಾಷಣದಿಂದ ಗುದ್ದಲಿ ಪೂಜೆಗೆ ಒಂದೆರಡು ವರ್ಷ ಹಿಡಿಯುವುದಕ್ಕೆ ಈ ಮೆಟ್ಟಿಲುಗಳೇ ಕಾರಣ.

ಎರಡನೆಯದು ಕೇಂದ್ರದ ರಸ್ತೆ ನಿಧಿ. ಇದರ ಕಥೆ ಹಳೆಯದು. ರಸ್ತೆ ಸುಧಾರಣೆಗೆಂದು 1927ರಲ್ಲಿ ಎಂ.ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಮೋಟಾರಿಗೆ ಹಾಕುವ ಪೆಟ್ರೋಲಿನ ಮೇಲೆ ಸುಂಕ ಹಾಕಿ ಅದನ್ನು ರಸ್ತೆಗೇ ಬಳಸಬೇಕೆಂದು ಅದು ಹೇಳಿತು. 1929ರಲ್ಲಿ ನಿಧಿ ಸ್ಥಾಪನೆಯಾಯಿತು. 2000ದಲ್ಲಿ ಅದಕ್ಕೆ ಕಾಯ್ದೆಯ ಬಲ ಬಂತು. ಇಂದು ನಾವು ಬಂಕಿನಲ್ಲಿ ಹಾಕಿಸುವ ಪ್ರತಿ ಲೀಟರ್ ಪೆಟ್ರೋಲ್, ಡೀಸೆಲ್‌ನಲ್ಲಿ ಈ ನಿಧಿಗೆ ಹೋಗುವ ಪಾಲಿದೆ. ಮುಂಡರಗಿಯ ಟ್ರ್ಯಾಕ್ಟರ್‌ನವನೂ ಆ ಪಾಲು ಕೊಡುತ್ತಾನೆ.

ಮೂರನೆಯದು ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿ. ಬ್ಯಾಂಕುಗಳು ಕೃಷಿಯಂಥ ಆದ್ಯತಾ ವಲಯಗಳಿಗೆ ಇಂತಿಷ್ಟು ಸಾಲ ಕೊಡಲೇಬೇಕೆಂಬ ನಿಯಮವಿದೆ. ಕೊಡದೆ ಉಳಿಸಿಕೊಂಡ ಕೊರತೆಯ ಹಣವನ್ನು ಕೂಡಿಸಿ 1995-96ರಲ್ಲಿ 2,000 ಕೋಟಿ ರೂಪಾಯಿಗಳೊಂದಿಗೆ ಈ ನಿಧಿ ಆರಂಭವಾಯಿತು. ರೈತನಿಗೆ ಸಾಲವಾಗಿ ಹೋಗಬೇಕಿದ್ದ ಹಣ ಹೋಗದೆ, ಸುತ್ತು ಹಾಕಿ ರಾಜ್ಯ ಸರ್ಕಾರಕ್ಕೆ ಸಾಲವಾಗಿ ಬಂದು ಹಳ್ಳಿಯ ಸೇತುವೆಯಾಗುತ್ತದೆ. ಇದು ಅನುದಾನವಲ್ಲ, ಸಾಲ. ರಾಜ್ಯ ತೀರಿಸಬೇಕು.

ಇವುಗಳ ಜೊತೆಗೆ 1999ರಲ್ಲಿ ಸ್ಥಾಪನೆಯಾದ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮ, ವಿಶ್ವಬ್ಯಾಂಕ್ ಹಾಗೂ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಹೆದ್ದಾರಿ ಯೋಜನೆಗಳು, ರಾಷ್ಟ್ರೀಯ ಹೆದ್ದಾರಿಯಾದರೆ ಕೇಂದ್ರ ಸರ್ಕಾರ ಇವೆ. ಗದಗ-ಬೆಟಗೇರಿಯಂಥ ರೈಲು ಊರಿನಲ್ಲಿ ಹಳಿಯ ಮೇಲೋ ಕೆಳಗೋ ಹಾದುಹೋಗುವ ಸೇತುವೆಗೆ ಬೇರೆಯದೇ ಲೆಕ್ಕ. ಅಲ್ಲಿ ರೈಲ್ವೆ ಮತ್ತು ರಾಜ್ಯ ಸರ್ಕಾರ ಸಾಮಾನ್ಯವಾಗಿ ಖರ್ಚನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ.

ತುಂಗಭದ್ರೆಯ ಈ ಭಾಗದಲ್ಲಿ ಇನ್ನೊಂದು ವಿಚಿತ್ರವಿದೆ. ಸಂವಿಧಾನದ 371 ಜೆ ವಿಧಿ ಜಾರಿಗೆ ಬಂದ ಬಳಿಕ, 2013ರಲ್ಲಿ, ಇಂದು ಕಲ್ಯಾಣ ಕರ್ನಾಟಕ ಎಂದು ಕರೆಯುವ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ರಚನೆಯಾಯಿತು. ಹಳೆಯ ಮದ್ರಾಸ್ ಪ್ರಾಂತ್ಯದ್ದಾದರೂ ಬಳ್ಳಾರಿ ಜಿಲ್ಲೆ ಅದರಲ್ಲಿ ಸೇರಿತು. ಹಾಗಾಗಿ ಹಡಗಲಿ ಆ ಮಂಡಳಿಯ ವ್ಯಾಪ್ತಿಯಲ್ಲಿದೆ, ಮುಂಡರಗಿ ಇಲ್ಲ. ಸೇತುವೆಯ ಒಂದು ಕಾಲು ಮಂಡಳಿಯ ಒಳಗೆ, ಇನ್ನೊಂದು ಹೊರಗೆ. ಹೊಳೆಸಾಲಿನ ಊರವರು ಸೇತುವೆ ಕೇಳುವಾಗ ಆಚೆ ದಂಡೆಯವರನ್ನೂ ಜೊತೆಗೆ ಕರೆದುಕೊಳ್ಳುವುದು ಈ ಕಾರಣಕ್ಕೂ ಜಾಣತನ.

ಇಲ್ಲದ ವಾಹನಗಳ ಗಣತಿ

ಯಾವ ನಿಧಿಯಾದರೂ ಒಂದು ಪ್ರಶ್ನೆ ಕೇಳುತ್ತದೆ: ಇಲ್ಲಿ ಎಷ್ಟು ವಾಹನಗಳು ಓಡಾಡುತ್ತವೆ? ಲೋಕೋಪಯೋಗಿ ಇಲಾಖೆಯವರು ರಸ್ತೆಬದಿಯಲ್ಲಿ ಕುಳಿತು ಏಳು ದಿನ ಹಗಲುರಾತ್ರಿ ವಾಹನ ಎಣಿಸುವುದನ್ನು ಅನೇಕರು ನೋಡಿರಬಹುದು. ಹೆಚ್ಚು ವಾಹನವಿದ್ದಲ್ಲಿ ಹೆಚ್ಚು ಲಾಭ, ಅಲ್ಲಿಗೆ ಮೊದಲು ಹಣ ಎಂಬುದು ಇದರ ತರ್ಕ.

ರಸ್ತೆಗೆ ಈ ತರ್ಕ ಸರಿ. ಸೇತುವೆಯೇ ಇಲ್ಲದ ಹೊಳೆಗೆ ಇದು ಹೊಂದುವುದಿಲ್ಲ. ಸೇತುವೆ ಇಲ್ಲದ ಕಡೆ ಎಣಿಸಲು ವಾಹನವೇ ಇರುವುದಿಲ್ಲ. ಹರಗೋಲಿನಲ್ಲಿ ದಾಟುವ ಹತ್ತು ಜನ, ಬೇಸಿಗೆಯಲ್ಲಿ ನೀರು ತಗ್ಗಿದಾಗ ಹೊಳೆಗಿಳಿಯುವ ಚಕ್ಕಡಿಗಳು, ಭರತ ಹುಣ್ಣಿಮೆಗೆ ಮೈಲಾರದ ಜಾತ್ರೆಗೆಂದು ಹೊಳೆಯಾಚೆ ಹೋಗುವ ಭಕ್ತರು, ಇವರಲ್ಲಿ ಹೆಚ್ಚಿನವರು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಕಾಲೇಜಿಗೆ ಹೋಗದೆ ಮನೆಯಲ್ಲೇ ಉಳಿದ ಹುಡುಗಿಯಂತೂ ಯಾವ ಗಣತಿಯಲ್ಲೂ ಬರುವುದಿಲ್ಲ.

ಇದಕ್ಕೆ ಪರಿಹಾರವೂ ಲೆಕ್ಕದಲ್ಲೇ ಇದೆ. ಈಗಿರುವ ಸುತ್ತಿನ ದೂರ ಎಷ್ಟು, ಸೇತುವೆಯಾದರೆ ಉಳಿಯುವ ಕಿಲೋಮೀಟರ್ ಎಷ್ಟು, ಉಳಿಯುವ ಇಂಧನ ಮತ್ತು ಸಮಯದ ಬೆಲೆ ಎಷ್ಟು, ಎರಡೂ ದಂಡೆಗಳ ಜನಸಂಖ್ಯೆ, ಮಾರುಕಟ್ಟೆ, ಆಸ್ಪತ್ರೆ, ಶಾಲೆಗಳು ಎಷ್ಟು ಎಂದು ಹಿಡಿದು ಯೋಜನಾ ವರದಿ ಸಿದ್ಧಪಡಿಸಬಹುದು. ‘ಸೇತುವೆ ಬೇಕು’ ಎಂದಷ್ಟೇ ಬರೆದ ಮನವಿಗಿಂತ ಈ ಅಂಕಿ ಅಂಶಗಳನ್ನು ಕೂಡಿಸಿದ ಮನವಿಗೆ ತೂಕ ಹೆಚ್ಚು.

ಶರಾವತಿಯ ಹಿನ್ನೀರಿನ ಜನ ಈ ಮಾತಿಗೆ ಸಾಕ್ಷಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದ ಮೇಲೆ ಸಾಗರ ತಾಲ್ಲೂಕಿನ ಸಿಗಂದೂರು, ತುಮರಿ ಕಡೆಯ ಹಳ್ಳಿಗಳಿಗೆ ಲಾಂಚ್ ಒಂದೇ ದಾರಿಯಂತಾಯಿತು. ನಾಡಿಗೆ ಬೆಳಕು ಕೊಡಲು ನೆಲ ಬಿಟ್ಟವರು ಆರು ದಶಕ ಕಾದರು. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸುಮಾರು 2.4 ಕಿ.ಮೀ. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅದೂ ರಾಷ್ಟ್ರೀಯ ಹೆದ್ದಾರಿಯ ಭಾಗವಾಗಿ ಕೇಂದ್ರದ ಹಣ ಬಂದ ಮೇಲೆ. ಖರ್ಚು ಸುಮಾರು 470 ಕೋಟಿ ರೂಪಾಯಿ. ಮೀಟರಿಗೆ ಲೆಕ್ಕ ಹಾಕಿದರೆ ಸುಮಾರು 19 ಲಕ್ಷ ರೂಪಾಯಿ. ಆಳವಾದ ಹಿನ್ನೀರಿನಲ್ಲಿ ಕಂಬಗಳನ್ನು ಕಡಿಮೆ ಮಾಡಲು ನಡುವಿನ 740 ಮೀಟರ್ ಭಾಗವನ್ನು ಕೇಬಲ್‌ಗಳಿಂದ ಎತ್ತಿ ಹಿಡಿದದ್ದರಿಂದ ಅಷ್ಟು ಬೆಲೆ. ತುಂಗಭದ್ರೆಯಂಥ ಬಯಲು ಹೊಳೆಗೆ ಕಂಬದ ಮೇಲೆ ತೊಲೆ ಕೂರಿಸುವ ಸಾಧಾರಣ ಸೇತುವೆ ಸಾಕು. ಅದರ ಖರ್ಚು ಇದಕ್ಕಿಂತ ಬಹಳ ಕಡಿಮೆ.

ಹೊಳೆಯನ್ನು ಅಳೆಯುವುದು

ಹಣದ ಮಾತಾದ ಮೇಲೆ ವಿನ್ಯಾಸದ ಮಾತು. ಎಂಜಿನಿಯರರ ಭಾಷೆಯಲ್ಲಿ 6 ಮೀಟರ್‌ವರೆಗಿನದು ಮೋರಿ, 60 ಮೀಟರ್‌ವರೆಗಿನದು ಸಣ್ಣ ಸೇತುವೆ, ಅದಕ್ಕಿಂತ ಉದ್ದದ್ದು ದೊಡ್ಡ ಸೇತುವೆ. 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಎಂಜಿನಿಯರುಗಳ ಸಂಸ್ಥೆ ಇದಕ್ಕೆಲ್ಲ ನಿಯಮಗಳನ್ನು ಬರೆದಿದೆ.

ವಿನ್ಯಾಸ ಆರಂಭವಾಗುವುದು ಪ್ರವಾಹದಿಂದ. ದೊಡ್ಡ ಸೇತುವೆಯನ್ನು ‘ನೂರು ವರ್ಷದ ಪ್ರವಾಹ’ಕ್ಕೆ ತಾಳುವಂತೆ ರೂಪಿಸುತ್ತಾರೆ. ಈ ಮಾತು ಅನೇಕರನ್ನು ದಾರಿ ತಪ್ಪಿಸುತ್ತದೆ. ಅಂಥ ಪ್ರವಾಹ ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಇದರ ಅರ್ಥವಲ್ಲ. ಯಾವುದೇ ಒಂದು ವರ್ಷ ಅದು ಬರುವ ಸಾಧ್ಯತೆ ನೂರಕ್ಕೆ ಒಂದು ಎಂದಷ್ಟೇ ಅರ್ಥ. ಹೀಗೆ ಲೆಕ್ಕ ಹಾಕಿದರೆ ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 26. ನೂರು ವರ್ಷಗಳಲ್ಲಿ ನೂರಕ್ಕೆ 63.

ಪ್ರವಾಹ ಎಷ್ಟೆಂದು ತಿಳಿಯಲು ಹಳೆಯ ದಾಖಲೆ ನೋಡುತ್ತಾರೆ, ಮಳೆಯ ಲೆಕ್ಕ ಹಾಕುತ್ತಾರೆ. ಜೊತೆಗೆ ಊರ ಹಿರಿಯರನ್ನೂ ಕೇಳುತ್ತಾರೆ. ನೀರು ಯಾವ ಗುಡಿಯ ಮೆಟ್ಟಿಲಿಗೆ ಬಂದಿತ್ತು, ಯಾವ ಮನೆಯ ಗೋಡೆಯ ಮೇಲೆ ಕಲೆ ಬಿಟ್ಟಿತ್ತು ಎಂಬುದು ಎಂಜಿನಿಯರಿಗೆ ಬೇಕಾದ ದಾಖಲೆಯೇ. ಇಂಥ ವಿಷಯದಲ್ಲಿ ಅಜ್ಜನ ನೆನಪು ನಕ್ಷೆಯೊಳಗೆ ಸೇರುತ್ತದೆ.

ಬಳಿಕ ಉದ್ದ. 1930ರಲ್ಲಿ ಜೆರಾಲ್ಡ್ ಲೇಸಿ ಎಂಬ ನೀರಾವರಿ ಎಂಜಿನಿಯರ್ ಉತ್ತರ ಭಾರತದ ಕಾಲುವೆಗಳನ್ನು ಅಭ್ಯಸಿಸಿ ಮೆಕ್ಕಲು ನೆಲದ ಹೊಳೆಗೆ ಎಷ್ಟು ಅಗಲ ಬೇಕಾಗುತ್ತದೆ ಎಂಬುದಕ್ಕೆ ಸೂತ್ರ ಕೊಟ್ಟರು. ಇಂದಿಗೂ ಅದೇ ಮೊದಲ ಆಧಾರ. ಸೆಕೆಂಡಿಗೆ 10,000 ಘನ ಮೀಟರ್, ಅಂದರೆ ನಮಗೆ ಪರಿಚಿತವಾದ ಲೆಕ್ಕದಲ್ಲಿ ಸುಮಾರು ಮೂರೂವರೆ ಲಕ್ಷ ಕ್ಯುಸೆಕ್ ನೀರು ಬರುತ್ತದೆ ಎಂದಿಟ್ಟುಕೊಳ್ಳಿ. ಅದರ ವರ್ಗಮೂಲ 100. ಅದನ್ನು 4.8ರಿಂದ ಗುಣಿಸಿದರೆ 480. ಆ ನೀರಿಗೆ ಸುಮಾರು 480 ಮೀಟರ್ ಜಾಗ ಬೇಕು. ಖರ್ಚು ಉಳಿಸಲು ಸೇತುವೆಯನ್ನು ಗಿಡ್ಡ ಮಾಡಿ ಎರಡೂ ಬದಿಗೆ ಮಣ್ಣಿನ ಏರಿ ಹಾಕಿದರೆ ನೀರು ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ತಳವನ್ನು ಕೊರೆಯುತ್ತದೆ, ಇಲ್ಲವೆ ಏರಿಯನ್ನೇ ಒಡೆಯುತ್ತದೆ.

ಏರಿ ಎಷ್ಟು ಮುಖ್ಯ ಎಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. 2019ರ ಆಗಸ್ಟ್ ಪ್ರವಾಹದಲ್ಲಿ ನರಗುಂದ ತಾಲ್ಲೂಕಿನ ಕೊಣ್ಣೂರು ಬಳಿ ಮಲಪ್ರಭಾ ಸೇತುವೆಗೆ ಕೂಡುವ ಹೆದ್ದಾರಿ ಕೊಚ್ಚಿಹೋಗಿ ಹುಬ್ಬಳ್ಳಿ-ವಿಜಯಪುರ ಸಂಚಾರ ನಿಂತಿತು. ಕಂಬಗಳು ನಿಂತಿದ್ದರೂ ಕೂಡು ರಸ್ತೆ ಹೋದರೆ ಸೇತುವೆ ಇದ್ದೂ ಇಲ್ಲದಂತೆ. ಎರೆ ಮಣ್ಣಿನ ಸೀಮೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಎರೆ ನೆಲ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಸರಿಯಾಗಿ ಗಟ್ಟಿ ಮಾಡದೆ ಹಾಕಿದ ಏರಿ ಕುಸಿಯುತ್ತದೆ. ಸೇತುವೆಯ ತುದಿಯಲ್ಲಿ ಬಸ್ಸು ಧಡ್ ಎಂದು ಎತ್ತಿಹಾಕುವುದು ಇದೇ ಕುಸಿತದಿಂದ.

ಎತ್ತರಕ್ಕೂ ನಿಯಮವಿದೆ. ಸೆಕೆಂಡಿಗೆ 3,000 ಘನ ಮೀಟರ್‌ಗಿಂತ ಹೆಚ್ಚು ನೀರು ಹರಿಯುವ ಹೊಳೆಯಲ್ಲಿ ಪ್ರವಾಹದ ಮಟ್ಟಕ್ಕಿಂತ ಕನಿಷ್ಠ ಒಂದೂವರೆ ಮೀಟರ್ ಮೇಲೆ ತೊಲೆಯ ತಳ ಇರಬೇಕು. ತೇಲಿ ಬರುವ ಮರ, ಗಿಡಗಂಟಿ ತೊಲೆಗೆ ಬಡಿಯಬಾರದು. ಹೊಳೆಯ ಕೆಳಭಾಗದಲ್ಲಿ ಬ್ಯಾರೇಜ್ ಬಂದರೆ ಈ ಲೆಕ್ಕ ಮತ್ತೆ ಹಾಕಬೇಕಾಗುತ್ತದೆ. ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬಳಿ ಸಿಂಗಟಾಲೂರು ಏತ ನೀರಾವರಿಗಾಗಿ ಬ್ಯಾರೇಜ್ ಕಟ್ಟಿರುವುದರಿಂದ ಈ ಭಾಗದ ಯಾವ ಹೊಸ ಸೇತುವೆಯೂ ನಿಂತ ನೀರನ್ನು ಗಮನಿಸಿಯೇ ಏಳಬೇಕು.

ನೀರಿನ ಕೆಳಗಿನ ಕೆಲಸ

ಸೇತುವೆಯ ಖರ್ಚಿನಲ್ಲಿ ಕಣ್ಣಿಗೆ ಕಾಣದ ಭಾಗ ದೊಡ್ಡದು. ಪ್ರವಾಹ ಬಂದಾಗ ಹೊಳೆ ಮೇಲಕ್ಕೆ ಏರುವುದಷ್ಟೇ ಅಲ್ಲ, ಕೆಳಕ್ಕೂ ಇಳಿಯುತ್ತದೆ. ವೇಗದ ನೀರು ತಳದ ಉಸುಕನ್ನು ಎತ್ತಿ ಒಯ್ಯುತ್ತದೆ. ಕಂಬದ ಸುತ್ತ ಸುಳಿಯೆದ್ದು ಇನ್ನಷ್ಟು ಆಳ ಕೊರೆಯುತ್ತದೆ. ನೀರು ಇಳಿದಾಗ ಉಸುಕು ಮತ್ತೆ ಬಂದು ಗುಂಡಿ ಮುಚ್ಚುವುದರಿಂದ ಬೇಸಿಗೆಯಲ್ಲಿ ನೋಡುವವರಿಗೆ ಏನೂ ತಿಳಿಯುವುದಿಲ್ಲ.

ಈ ಕೊರೆತಕ್ಕೆ ನಿಯಮ ಹೀಗಿದೆ. ಲೇಸಿಯ ಸೂತ್ರದಿಂದ ಸರಾಸರಿ ಕೊರೆತದ ಆಳ ಪ್ರವಾಹದ ಮಟ್ಟದಿಂದ 6 ಮೀಟರ್ ಎಂದು ಬಂದರೆ, ಕಂಬದ ಬುಡದಲ್ಲಿ ಅದರ ಎರಡರಷ್ಟು, ಅಂದರೆ 12 ಮೀಟರ್ ಎಂದು ಹಿಡಿಯಬೇಕು. ಆ 12ರ ಮೂರನೆಯ ಒಂದು ಭಾಗ, 4 ಮೀಟರ್, ಇನ್ನೂ ಕೆಳಗೆ ತಳಪಾಯ ಊರಬೇಕು. ಒಟ್ಟು 16 ಮೀಟರ್. ಗಟ್ಟಿ ಬಂಡೆ ಸಿಕ್ಕರೆ ಇಷ್ಟು ಆಳ ಬೇಡ. ಬಂಡೆಯೊಳಗೆ 60 ಸೆಂಟಿಮೀಟರ್ ಕಡಿದು ಕೂರಿಸಿದರೂ ಆಯಿತು. ಆದ್ದರಿಂದಲೇ ಪ್ರತಿ ಕಂಬದ ಜಾಗದಲ್ಲೂ ಬೋರ್ ಹೊಡೆದು ಕೆಳಗೆ ಏನಿದೆ ಎಂದು ಮೊದಲೇ ನೋಡಬೇಕು. ಈ ಪರೀಕ್ಷೆಯಲ್ಲಿ ಉಳಿಸಿದ ಹಣ ಮುಂದೆ ಹತ್ತು ಪಟ್ಟು ಖರ್ಚಾಗಿ ಬರುತ್ತದೆ.

ಆಳದ ಉಸುಕಿನಲ್ಲಿ ತಳಪಾಯ ಹಾಕುವ ಒಂದು ಹಳೆಯ ವಿಧಾನ ಬಾವಿ. ಕಾಂಕ್ರೀಟಿನ ದೊಡ್ಡ ಬಳೆಯಂಥ ಗೋಡೆಯನ್ನು ಹೊಳೆಯ ತಳದ ಮೇಲೆ ಕಟ್ಟಿ, ಒಳಗಿನ ಉಸುಕು ತೆಗೆಯುತ್ತಾ ಹೋದರೆ ಅದು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಮೇಲೆ ಮತ್ತಷ್ಟು ಗೋಡೆ ಕಟ್ಟುತ್ತಾರೆ, ಮತ್ತೆ ಇಳಿಯುತ್ತದೆ. ಬೇಕಾದ ಆಳ ಮುಟ್ಟಿದ ಮೇಲೆ ತಳ ಮುಚ್ಚಿ ಅದರ ಮೇಲೆ ಕಂಬ ಎಬ್ಬಿಸುತ್ತಾರೆ. ಇದೆಲ್ಲ ನಡೆಯಬೇಕಾದದ್ದು ಹೊಳೆ ತಗ್ಗಿರುವ ಜನವರಿಯಿಂದ ಮೇ ತಿಂಗಳೊಳಗೆ. ಒಂದು ಹಂಗಾಮು ತಪ್ಪಿದರೆ ಒಂದು ವರ್ಷ ಹೋಯಿತು. ಟೆಂಡರ್ ಏಪ್ರಿಲ್‌ನಲ್ಲಿ ಮುಗಿದರೆ ಆ ವರ್ಷ ಹೊಳೆಯೊಳಗೆ ಕೆಲಸ ನಡೆಯುವುದಿಲ್ಲ ಎಂದೇ ತಿಳಿಯಬೇಕು.

ಮೇಲಿನ ತೊಲೆಗಳಿಗೆ ಇಂದು ಬಳಸುವುದು ಪ್ರಿ-ಸ್ಟ್ರೆಸ್ಡ್ ಕಾಂಕ್ರೀಟ್. ಹೆಸರು ದೊಡ್ಡದಾದರೂ ತತ್ವ ನಮ್ಮ ಕಮ್ಮಾರರಿಗೆ ಗೊತ್ತಿರುವುದೇ. ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸುತ್ತಾರೆ. ಆರಿದಾಗ ಪಟ್ಟಿ ಕುಗ್ಗಿ ಮರದ ತುಂಡುಗಳನ್ನೆಲ್ಲ ಬಿಗಿಹಿಡಿಯುತ್ತದೆ. ಭಾರ ಬೀಳುವ ಮೊದಲೇ ಬಿಗಿತ ಇರುವುದರಿಂದ ಗಾಲಿ ಬಿಚ್ಚಿಕೊಳ್ಳುವುದಿಲ್ಲ. ಹಾಗೆಯೇ ಕಾಂಕ್ರೀಟಿನ ತೊಲೆಯೊಳಗೆ ಉಕ್ಕಿನ ತಂತಿಗಳನ್ನು ಜಗ್ಗಿ ಬಿಗಿಯುತ್ತಾರೆ. ಕಾಂಕ್ರೀಟ್ ಒತ್ತಡ ತಾಳುತ್ತದೆ, ಎಳೆತ ತಾಳದು. ಮೊದಲೇ ಒತ್ತಿ ಹಿಡಿದರೆ ಲಾರಿ ಹತ್ತಿದಾಗಿನ ಎಳೆತ ಅಲ್ಲಿಗಲ್ಲಿಗೆ ಸರಿಹೋಗುತ್ತದೆ.

ಆನೆಗೊಂದಿಯ ಪಾಠ

ಹಣ, ವಿನ್ಯಾಸ, ನಿರ್ಮಾಣ ಮೂರೂ ಒಟ್ಟಿಗೆ ಸಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ತುಂಗಭದ್ರೆಯ ಮೇಲೆ ಉದಾಹರಣೆ ಇದೆ. ಹಂಪಿ-ಆನೆಗೊಂದಿ ನಡುವೆ ವಿಜಯನಗರ ಕಾಲದ ಸೇತುವೆಯ ಕಲ್ಲುಕಂಬಗಳ ಸಾಲು ಇಂದಿಗೂ ಹೊಳೆಯಲ್ಲಿ ನಿಂತಿದೆ. ಮೇಲಿನ ಹಾಸು ಮಾತ್ರ ಉಳಿದಿಲ್ಲ. ಅದೇ ಭಾಗದಲ್ಲಿ 1990ರ ದಶಕದಲ್ಲಿ ಹೊಸ ಸೇತುವೆಯ ಕೆಲಸ ಆರಂಭವಾಯಿತು. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಸೇತುವೆಯಿಂದ ಸ್ಮಾರಕಗಳ ಪರಿಸರ ಕೆಡುತ್ತದೆ ಎಂದು 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತು. ಕೆಲಸ ನಿಂತಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಸೇತುವೆಯ ಕೆಲಸ ಮತ್ತೆ ನಡೆಯಿತು. 2009ರ ಜನವರಿಯಲ್ಲಿ ಪೂರ್ಣಗೊಳ್ಳುವ ಮೊದಲೇ ಸೇತುವೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಕೊನೆಗೆ ಸ್ಮಾರಕಗಳಿಂದ ದೂರ, ಬುಕ್ಕಸಾಗರ-ಕಡೇಬಾಗಿಲು ನಡುವೆ ಬೇರೆ ಸೇತುವೆ ಕಟ್ಟಿ 2017ರಲ್ಲಿ ಸಂಚಾರಕ್ಕೆ ಬಿಡಲಾಯಿತು.

ಮೊದಲೇ ಜಾಗ ಸರಿಯಾಗಿ ಆರಿಸಿದ್ದರೆ ಆನೆಗೊಂದಿಯ ಜನ ಅಷ್ಟು ವರ್ಷ ಹರಗೋಲು ಹತ್ತಬೇಕಿರಲಿಲ್ಲ. ಜೀವಹಾನಿಯೂ ಆಗುತ್ತಿರಲಿಲ್ಲ. ಮೊದಲ ಮಣ್ಣು ಪರೀಕ್ಷೆಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ ‘ಎಲ್ಲಿ?’ ಎಂಬುದು.

ರಿಬ್ಬನ್ ಕತ್ತರಿಸಿದ ಮೇಲೆ

‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ’ ಎಂಬ ಗಾದೆ ಸೇತುವೆಗಳ ವಿಷಯದಲ್ಲೂ ನಿಜವಾಗಿದೆ. ಉದ್ಘಾಟನೆಯ ಮರುದಿನದಿಂದ ಅದನ್ನು ನೆನೆಯುವವರು ಕಡಿಮೆ. ಹೊಸ ಸೇತುವೆಗೆ ಶಿಲಾಫಲಕವಿದೆ, ಹಳೆಯದರ ಬೇರಿಂಗ್ ಬದಲಿಸಿದವರಿಗೆ ಫಲಕವಿಲ್ಲ. ತೊಲೆ ಮತ್ತು ಕಂಬದ ನಡುವಿನ ಬೇರಿಂಗ್, ಬಿಸಿಲಿಗೆ ಹಿಗ್ಗಲು ಬಿಟ್ಟ ಸಂದು, ನೀರು ಹರಿದುಹೋಗುವ ಕೊಳವೆ ಇವು ಹಾಳಾದರೆ ನೀರು ಒಳಗಿನ ಕಬ್ಬಿಣಕ್ಕೆ ತಲುಪಿ ತುಕ್ಕು ಹಿಡಿಸುತ್ತದೆ.

2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕನನ್ನು ಬದುಕಿಸಲಾಯಿತು. ಆ ಸೇತುವೆಗೆ ಆಗ ಸುಮಾರು 40 ವರ್ಷ. ಹರಿಹರದ ಕಮಾನಿನ ಸೇತುವೆ ಕಟ್ಟಿದವರ ಕಾಲಕ್ಕೆ ಹೋಲಿಸಿದರೆ ಅದು ಎಳೆಯ ವಯಸ್ಸು. 2016ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಪ್ರವಾಹಕ್ಕೆ ಬ್ರಿಟಿಷರ ಕಾಲದ ಕಲ್ಲಿನ ಸೇತುವೆ ಕೊಚ್ಚಿಹೋಗಿ ಬಸ್ಸುಗಳು ನದಿಪಾಲಾದವು. ಸೇತುವೆ ಹೊಸದೋ ಹಳೆಯದೋ ಎಂಬುದಕ್ಕಿಂತ ಅದರ ಬುಡವನ್ನು ಕೊನೆಯ ಸಲ ಯಾವಾಗ ನೋಡಿದ್ದಾರೆ ಎಂಬುದು ಮುಖ್ಯ.

ನಮ್ಮ ಭಾಗದಲ್ಲಿ ಈ ಬುಡದ ಪ್ರಶ್ನೆಗೆ ಇನ್ನೊಂದು ಹೆಸರಿದೆ: ಉಸುಕು. ತುಂಗಭದ್ರೆಯ ಉಸುಕಿಗೆ ಎಲ್ಲೆಡೆ ಬೇಡಿಕೆ. ಸೇತುವೆಯ ಸಮೀಪ ಉಸುಕು ತೆಗೆಯಬಾರದು ಎಂಬ ನಿಯಮ ಇರುವುದು ಸುಮ್ಮನೆ ಅಲ್ಲ. ಮೇಲೆ ಹೇಳಿದ 16 ಮೀಟರ್ ಲೆಕ್ಕ ಹೊಳೆಯ ತಳ ಇದ್ದಲ್ಲಿಯೇ ಇರುತ್ತದೆ ಎಂದು ನಂಬಿ ಹಾಕಿದ್ದು. ತಳವನ್ನೇ ಎರಡು ಮೂರು ಮೀಟರ್ ತೋಡಿ ಒಯ್ದರೆ ಕಂಬದ ಹಿಡಿತವೂ ಅಷ್ಟು ಕಡಿಮೆಯಾಗುತ್ತದೆ. ತೋಡಿದ ಉಸುಕನ್ನು ಮಿತಿಮೀರಿ ತುಂಬಿದ ಲಾರಿ ಅದೇ ಸೇತುವೆಯ ಮೇಲೆ ಹೋಗುತ್ತದೆ. ಕೆಳಗಿನಿಂದ ಬುಡ ಸಡಿಲ, ಮೇಲಿನಿಂದ ಭಾರ. ತಲೆಮಾರುಗಳು ಕಾದು ಪಡೆದ ಸೇತುವೆಯನ್ನು ಹೀಗೆ ಎರಡೂ ಕಡೆಯಿಂದ ಸವೆಸುವುದನ್ನು ದಂಡೆಯ ಜನವೇ ಮೊದಲು ಕಾಣುತ್ತಾರೆ.

ಹೊಸ ಸೇತುವೆ ಕೇಳುವ ಮನವಿಯಲ್ಲಿ ಹೀಗೆ ಮೂರು ಸಂಗತಿಗಳಿರಬೇಕು. ಒಂದು, ಎಣಿಕೆಗೆ ಸಿಗದ ಜನರ ಲೆಕ್ಕ. ಎರಡು, ಪ್ರವಾಹದ ನೆನಪು. ಮೂರು, ಈಗಿರುವ ಸೇತುವೆಯ ಬುಡವನ್ನು ಪ್ರತಿ ಮಳೆಗಾಲದ ಮೊದಲು ಮತ್ತು ನಂತರ ಪರೀಕ್ಷಿಸಬೇಕೆಂಬ ಒತ್ತಾಯ. ಮೊದಲನೆಯದು ಹಣ ತರಿಸುತ್ತದೆ, ಎರಡನೆಯದು ವಿನ್ಯಾಸ ತಿದ್ದುತ್ತದೆ, ಮೂರನೆಯದು ಕಟ್ಟಿದ್ದನ್ನು ಉಳಿಸುತ್ತದೆ. ಆ ಮನವಿಗೆ ಎರಡೂ ದಂಡೆಗಳ ಊರವರು ಸಹಿ ಹಾಕಬೇಕು. ಹೊಳೆ ಎರಡು ಜಿಲ್ಲೆಗಳಿಗೆ ಗಡಿಯಾಗಿರಬಹುದು, ಬೀಗತನಕ್ಕೆ ಅದು ಎಂದೂ ಗಡಿಯಾಗಿಲ್ಲ.